ಅರುಷಾದಿಂದ ಆರು ದಿನದ ಸಫಾರಿ: ಎಯಾಸಿ ಕೆರೆಗೆ ಒಂದು ದಿನ ಇಟ್ಟುಕೊಳ್ಳಿ

ಫೆಬ್ರವರಿಯಲ್ಲಿ ನಾವು ನಾಲ್ಕು ಜನ ತಾಂಜಾನಿಯಾಕ್ಕೆ ಹೋಗಿದ್ದೆವು. ಅರುಷಾದ ಒಂದು ಸಣ್ಣ ಕಂಪನಿಯ ಸಫಾರಿ. ಗಾಡಿ ಗಟ್ಟಿಮುಟ್ಟು, ಡ್ರೈವರ್ ತುಂಬಾ ತಾಳ್ಮೆಯವರು.

ಎನ್‌ಗೊರೊಂಗೊರೊ ಕುಳಿಯ ಅಂಚಿನಲ್ಲಿ ಬೆಳಿಗ್ಗೆ ಆರಕ್ಕೆ ಮಂಜು ಬಿಟ್ಟು ಏನೂ ಕಾಣಲಿಲ್ಲ, ಸ್ವೆಟರ್ ಹಾಕಿದ್ದರೂ ನಡುಕ. ಸುಮಾರು 600 ಮೀಟರ್ ಕೆಳಗಿಳಿಯುವ ಹೊತ್ತಿಗೆ ಮಂಜು ಸರಿದು, ಹಳೇ ಜ್ವಾಲಾಮುಖಿಯ ಹೊಟ್ಟೆಯೊಳಗಿನ ಆ 260 ಚದರ ಕಿಲೋಮೀಟರ್ ಬಯಲು ಒಮ್ಮೆಲೇ ತೆರೆದುಕೊಂಡಿತು, ನಮ್ಮಲ್ಲಿ ಯಾರೂ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಅಲ್ಲಿ ಜಿರಾಫೆ ಹುಡುಕಬೇಡಿ, ಕುಳಿಯೊಳಗೆ ಇರುವುದಿಲ್ಲ. ಸೆರೆಂಗೆಟಿಯಲ್ಲಿ ಬೇಕಾದಷ್ಟು ಸಿಗುತ್ತವೆ.

ಬೇಸರವಾಗಿದ್ದು ಮಸಾಯಿ ಹಟ್ಟಿಯ ಭೇಟಿ. ಹತ್ತು ನಿಮಿಷ ಕುಣಿತ, ಆಮೇಲೆ ಸೀದಾ ಮಣಿಸರದ ಅಂಗಡಿ. ಅದಕ್ಕೆ ಬೇರೆ ದುಡ್ಡು ಕೊಡಬೇಕು ಅಂತ ಕಂಪನಿ ಮೊದಲೇ ಹೇಳಿರಲಿಲ್ಲ. ತಪ್ಪು ಮಸಾಯಿಗಳದ್ದಲ್ಲ. ದನಕರುಗಳ ಜೊತೆ ಅದೇ ಬೆಟ್ಟಗಳಲ್ಲಿ ಬದುಕುವ ಜನರ ಹತ್ತಿರ ಕೂತು ಮಾತಾಡಲು ಒಂದು ಗಂಟೆಯಾದರೂ ಬೇಡವಾ?

ಎಯಾಸಿ ಕೆರೆಯ ದಿನ ಮಾತ್ರ ಮರೆಯಲಾರೆ. ಅಲ್ಲಿನ ಹಡ್ಜಾ ಜನ ಇವತ್ತಿಗೂ ಬೇಟೆಯಾಡಿ, ಗೆಡ್ಡೆ, ಜೇನು ತಂದು ತಿನ್ನುವವರು. ಅವರ ಮಾತಿನ ನಡುವೆ ನಾಲಿಗೆಯಲ್ಲಿ ಟಕ್ ಟಕ್ ಅಂತ ಸದ್ದು ಬರುತ್ತದೆ. ಅದೂ ಅಕ್ಷರವೇ, ಅದಿಲ್ಲದೆ ಪದವೇ ಆಗುವುದಿಲ್ಲ. ಪಕ್ಕದಲ್ಲೇ ದತೋಗ ಅನ್ನುವ ಇನ್ನೊಂದು ಬುಡಕಟ್ಟಿನ ಕಮ್ಮಾರರು. ಒಬ್ಬ ಹುಡುಗ ಚರ್ಮದ ತಿದಿ ಒತ್ತುತ್ತಿದ್ದ, ಅವನ ಅಣ್ಣ ಕೆಂಪಗೆ ಕಾದ ಮೊಳೆಯನ್ನು ಕಲ್ಲಿನ ಮೇಲಿಟ್ಟು ಬಡಿಯುತ್ತಾ ನಮ್ಮ ಕಣ್ಣೆದುರೇ ಬಾಣದ ಮೊನೆ ಮಾಡಿಬಿಟ್ಟ. ಹಡ್ಜಾಗಳು ಜೇನು ಕೊಟ್ಟು ಇಂಥ ಮೊನೆ ತೆಗೆದುಕೊಳ್ಳುತ್ತಾರಂತೆ.

ಹಿಂದಿನ ರಾತ್ರಿ ಕರಾಟುವಿನಲ್ಲಿ ಉಳಿದಿದ್ದೆವು, ಇರಾಕ್ವ್ ಅನ್ನುವ ಬುಡಕಟ್ಟಿನ ರೈತರ ಊರು. ಅಲ್ಲಿ ಕುಡಿಯಲು ಕೊಟ್ಟ ಬಿಸಿ ಉಜಿ ಥೇಟ್ ನಮ್ಮ ರಾಗಿ ಗಂಜಿ! ರಾಗಿಗೆ ಸ್ವಾಹಿಲಿಯಲ್ಲಿ ಉಲೇಜಿ ಅನ್ನುತ್ತಾರೆ. ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ನಾಡು, ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದಲೇ ನಮ್ಮ ಕಡೆ ಬಂದಿದ್ದು. ಅದು ನೆನಪಾಗಿ ಲೋಟ ಕೆಳಗಿಡಲು ಮನಸ್ಸೇ ಬರಲಿಲ್ಲ.

ಬುಕ್ ಮಾಡುವಾಗ ಯಾವುದಕ್ಕೆ ಜಾಸ್ತಿ ದುಡ್ಡು ಅಂತ ಬರೆಸಿಕೊಳ್ಳಿ. ಎಯಾಸಿಗೆ ಊರಿನವರೇ ಆದ ಗೈಡ್ ಬೇಕು ಅಂತ ಕೇಳಿ. ಹಡ್ಜಾಗಳು ನಸುಕಿಗೇ ಬೇಟೆಗೆ ಹೊರಟುಬಿಡುತ್ತಾರೆ, ಹಾಗಾಗಿ ಐದು ಗಂಟೆಗೆಲ್ಲ ಗಾಡಿ ಹತ್ತಿರಬೇಕು.