ಮೂರು ವರ್ಷ ಬಳಸಿದ ಬ್ರೌಸರ್, ಮುಚ್ಚಿದರೂ ಹೋಗದ ಕುಕೀ

ನಾನು ಈ ಬ್ರೌಸರ್‌ಗೆ ಬಂದಿದ್ದೇ ಒಂದು ಟಿಕ್‌ಗಾಗಿ. ಸೆಟ್ಟಿಂಗ್‌ನಲ್ಲಿ ಅದನ್ನು ಹಾಕಿಬಿಟ್ಟರೆ ಮುಚ್ಚಿದಾಗಲೆಲ್ಲ ಕುಕೀಗಳು, ಅಂದರೆ ನಾವು ಲಾಗಿನ್ ಆಗಿದ್ದನ್ನು ನೆನಪಿಡುವಂಥ ಚೀಟಿಗಳು, ತಾವಾಗಿಯೇ ಅಳಿಸಿ ಹೋಗುತ್ತವೆ. ನಮ್ಮ ಮನೆಯಲ್ಲಿ ಕಂಪ್ಯೂಟರ್ ಒಂದೇ, ಅದರ ಮುಂದೆ ಕೂರುವವರು ನಾಲ್ಕು ಜನ. ನನ್ನ ಮೇಲ್, ನನ್ನ ಬ್ಯಾಂಕಿನ ಪುಟ ಇನ್ನೊಬ್ಬರು ಕೂತಾಗ ತೆರೆದುಕೊಳ್ಳಬಾರದು, ಅಷ್ಟೇ ನನ್ನ ಬೇಡಿಕೆ. ಮೂರು ವರ್ಷದಿಂದ ದಿನಾ ಇದನ್ನೇ ಬಳಸುತ್ತಿದ್ದೇನೆ. ವೇಗ ಚೆನ್ನಾಗಿದೆ, ನೋಟವೂ ಚೆನ್ನಾಗಿದೆ. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ಕಳೆದ ವರ್ಷ ಒಂದು ಬೆಳಿಗ್ಗೆ ಮಗಳು ಕರೆದಳು. "ಅಮ್ಮ, ನಿನ್ನ ಮೇಲ್ ಓಪನ್ ಆಗೇ ಇದೆ." ರಾತ್ರಿ ಬ್ರೌಸರ್ ಮುಚ್ಚಿಯೇ ಮಲಗಿದ್ದೆ, ಚೆನ್ನಾಗಿ ನೆನಪಿದೆ. ಓಡಿ ಬಂದು ಸೆಟ್ಟಿಂಗ್ ನೋಡಿದರೆ ಟಿಕ್ ಇದ್ದಲ್ಲೇ ಇತ್ತು. ನಿಜ ಹೇಳಬೇಕೆಂದರೆ ಆಗ ನನಗೆ ಸಿಟ್ಟಿಗಿಂತ ಹೆದರಿಕೆಯೇ ಜಾಸ್ತಿ ಆಯಿತು. ಇನ್ನೆಷ್ಟು ದಿನದಿಂದ ಹೀಗೆ ತೆರೆದೇ ಇತ್ತೋ!

ಕುಕೀ ಅಂದರೆ ವೆಬ್‌ಸೈಟ್ ನಮ್ಮ ಕಂಪ್ಯೂಟರ್‌ನಲ್ಲಿ ಇಟ್ಟು ಹೋಗುವ ಸಣ್ಣ ಚೀಟಿ. 1994ರಲ್ಲಿ ನೆಟ್‌ಸ್ಕೇಪ್ ಬ್ರೌಸರ್‌ಗಾಗಿ ಲೂ ಮಾಂಟುಲಿ ಇದನ್ನು ತಂದರು. ಕೆಲವು ಚೀಟಿಗಳ ಮೇಲೆ ಮುಗಿಯುವ ದಿನಾಂಕ ಇರುವುದಿಲ್ಲ. ಅವು ಬ್ರೌಸರ್ ಮುಚ್ಚಿದಾಗಲೇ ಹೋಗಬೇಕು. ಉಳಿದವಕ್ಕೆ ದಿನಾಂಕ ಇರುತ್ತದೆ. 2022ರಿಂದ ಕ್ರೋಮ್‌ನಲ್ಲಿ ಅದು 400 ದಿನ ಮೀರುವಂತಿಲ್ಲ. 400 ದಿನ ಅಂದರೂ ವರ್ಷದ ಮೇಲಾಯಿತು, ಅಲ್ವಾ? ಟಿಕ್ ಕೈಕೊಟ್ಟರೆ ಚೀಟಿ ಅಷ್ಟು ಕಾಲ ಕೂತಿರಬಹುದು.

ಮೊದಲು ಗೊತ್ತಾಗಿದ್ದು ಏನೆಂದರೆ, ನಾನು ಮುಚ್ಚಿದ್ದು ಕಿಟಕಿಯನ್ನು, ಬ್ರೌಸರನ್ನಲ್ಲ. ಮೂಲೆಯ ಗುಣಾಕಾರದ ಗುರುತು ಒತ್ತಿದೆ. ಪರದೆ ಖಾಲಿ ಆಯಿತು. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಏನೇನು ಓಡುತ್ತಿದೆ ಅಂತ ತೋರಿಸುವ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದರೆ ಅದೇ ಬ್ರೌಸರ್ ಹೆಸರಿನ ಏಳು ಸಾಲು ಅಲ್ಲೇ ಇದ್ದವು. ಎರಡು ನಿಮಿಷ ಕಾದೆ, ಒಂದೂ ಕದಲಲಿಲ್ಲ. ಮುಚ್ಚಿದ ಮೇಲೂ ಹಿನ್ನೆಲೆಯಲ್ಲಿ ಓಡುತ್ತಿರು ಅನ್ನುವ ಬೇರೊಂದು ಆಯ್ಕೆ ಆನ್ ಆಗಿತ್ತು. ಅದನ್ನು ಆಫ್ ಮಾಡಿ ಮತ್ತೆ ಮುಚ್ಚಿದೆ. ಒಂದೊಂದೇ ಸಾಲು ಮಾಯವಾಗಿ ಕೊನೆಗೆ ಏನೂ ಉಳಿಯಲಿಲ್ಲ. ಮ್ಯಾಕ್ ಬಳಸುವವರು ಇದನ್ನು ಇನ್ನೂ ಗಮನಿಸಬೇಕು. ಅಲ್ಲಿ ಕೆಂಪು ಚುಕ್ಕಿ ಒತ್ತಿದರೆ ಕಿಟಕಿ ಮಾತ್ರ ಹೋಗುತ್ತದೆ. ಕಮಾಂಡ್ ಜೊತೆ ಕ್ಯೂ ಒತ್ತಿದರೇನೇ ಬ್ರೌಸರ್ ನಿಲ್ಲುವುದು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮಾರನೇ ದಿನ ತೆರೆದರೆ ಮತ್ತೆ ಕುಕೀಗಳ ಉದ್ದ ಪಟ್ಟಿ, ಮತ್ತೆ ನನ್ನ ಮೇಲ್! ವಿಳಾಸದ ಪಕ್ಕದ ಬೀಗದ ಗುರುತು ಒತ್ತಿ ಒಂದೊಂದೇ ಕುಕೀ ಬಿಡಿಸಿ ನೋಡುತ್ತಾ ಹೋದೆ. ಪ್ರತಿಯೊಂದಕ್ಕೂ ಹುಟ್ಟಿದ ದಿನ ಮತ್ತು ಹೊತ್ತು ಬರೆದಿರುತ್ತದೆ. ಸುದ್ದಿ ಪುಟದ ಕುಕೀಗಳೆಲ್ಲ ಅದೇ ಬೆಳಿಗ್ಗೆ 7.40ಕ್ಕೆ ಹುಟ್ಟಿದ್ದವು. ಬ್ರೌಸರ್ ತೆರೆದ ಕೂಡಲೇ ಆ ಪುಟ ತಾನಾಗಿ ತೆರೆದುಕೊಳ್ಳುತ್ತದೆ. ಹಾಗಾಗಿ ಹಳೆಯವು ಹೋಗಿ ಹೊಸವು ಬಂದಿದ್ದವು. ಅಳಿಸುವ ಕೆಲಸ ಸರಿಯಾಗಿಯೇ ನಡೆದಿತ್ತು. ಮೇಲ್‌ನ ಕುಕೀ ಮಾತ್ರ ಎಂಟು ತಿಂಗಳು ಹಳೆಯದು. ನಿಮಗೂ ಈ ತೊಂದರೆ ಇದ್ದರೆ ದಯವಿಟ್ಟು ಮೊದಲು ಹುಟ್ಟಿದ ಹೊತ್ತು ನೋಡಿ. ಪಟ್ಟಿ ಉದ್ದ ಇದೆ ಅಂತ ಸುಮ್ನೆ ಗಾಬರಿ ಆಗಬೇಡಿ.

ಒಂದೇ ಸೈಟ್ ಉಳಿದಿದೆ ಅಂದರೆ ಯಾರೋ ಅದನ್ನು ಬಿಟ್ಟುಬಿಡು ಅಂತ ಹೇಳಿರಬೇಕು. ಹುಡುಕಿದೆ. ಕುಕೀ ಪುಟದ ತೀರಾ ಕೆಳಗೆ ವಿನಾಯಿತಿಗಳ ಪಟ್ಟಿ ಇತ್ತು, ಅದರಲ್ಲಿ ನನ್ನ ಮೇಲ್‌ನ ವಿಳಾಸ. ಎಂಟು ತಿಂಗಳ ಹಿಂದೆ ಮೇಲ್ ಪದೇ ಪದೇ ಪಾಸ್‌ವರ್ಡ್ ಕೇಳುತ್ತಿದೆ ಅಂತ ನಾನೇ ಸೇರಿಸಿದ್ದೆ. ಆಮೇಲೆ ಮರೆತೇ ಹೋಗಿತ್ತು. ತೆಗೆದುಹಾಕಿದೆ, ತೊಂದರೆ ನಿಂತಿತು.

ಆದರೂ ನನಗೆ ಒಂದು ದೂರು ಇದೆ. ಒಂದು ಟಿಕ್ ನಿಜವಾಗಿ ಕೆಲಸ ಮಾಡಬೇಕಾದರೆ ನಾಲ್ಕು ಕಡೆ ನೋಡಬೇಕು. ಅಳಿಸುವ ಟಿಕ್ ಒಂದು ಪುಟದಲ್ಲಿ, ವಿನಾಯಿತಿ ಇನ್ನೊಂದರಲ್ಲಿ, ಹಿನ್ನೆಲೆ ಓಟ ಮತ್ತೊಂದರಲ್ಲಿ. ಇನ್ನು ಹಿಂದಿನ ಟ್ಯಾಬ್‌ಗಳನ್ನೇ ಮತ್ತೆ ತೆರೆ ಅನ್ನುವುದು ಬೇರೆಯೇ ಕಡೆ. ಈ ಕೊನೆಯದು ಆನ್ ಇದ್ದರೆ ದಿನಾಂಕವಿಲ್ಲದ ಚೀಟಿಗಳೂ ಟ್ಯಾಬ್‌ಗಳ ಜೊತೆ ಉಳಿದುಬಿಡಬಹುದು. ಇದರ ಒಂದು ಮಾತೂ ಟಿಕ್‌ನ ಪಕ್ಕದಲ್ಲಿ ಇಲ್ಲ. ಕರೆಂಟ್ ಹೋಗಿಯೋ ಬ್ರೌಸರ್ ಹ್ಯಾಂಗ್ ಆಗಿಯೋ ಒಮ್ಮೆಲೇ ನಿಂತರೆ ಅಳಿಸಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಹೋದ ಸಲ ಅಳಿಸಲು ಆಗಲಿಲ್ಲ ಅಂತ ತೆರೆದಾಗ ಒಂದು ಸಾಲು ತೋರಿಸಿದ್ದರೆ ಸಾಕಿತ್ತು.

ಫೋನ್‌ನಲ್ಲೂ ಇದೇ ಕಥೆ. ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ಬೆರಳಲ್ಲಿ ತಳ್ಳಿದರೆ ಮುಚ್ಚಿದಂತೆ ಅಂತ ನಂಬಬೇಡಿ. ಫೈರ್‌ಫಾಕ್ಸ್‌ನ ಆಂಡ್ರಾಯ್ಡ್ ಆವೃತ್ತಿಯಲ್ಲಿ ಅಳಿಸುವ ಆಯ್ಕೆ ಹಾಕಿದರೆ ಮೆನುವಿನಲ್ಲಿ ಕ್ವಿಟ್ ಅಂತ ಬೇರೆಯೇ ಬರುತ್ತದೆ. ಅದನ್ನು ಒತ್ತಬೇಕು. ಇದು ನನಗೆ ತುಂಬಾ ಸರಿ ಅನಿಸಿತು.

ಎಲ್ಲ ಸರಿ ಮಾಡಿದರೂ ಕುಕೀ ಹೋಗದಿದ್ದರೆ ಎಕ್ಸ್‌ಟೆನ್ಶನ್‌ಗಳನ್ನು, ಅಂದರೆ ಬ್ರೌಸರ್‌ಗೆ ನಾವು ಸೇರಿಸಿಕೊಂಡ ಸಣ್ಣ ಪ್ರೋಗ್ರಾಂಗಳನ್ನು, ಆಫ್ ಮಾಡಿ ನೋಡಿ. ಆಮೇಲೆ ಹೊಸ ಪ್ರೊಫೈಲ್, ಅಂದರೆ ಅದೇ ಬ್ರೌಸರ್‌ನಲ್ಲಿ ಬೇರೆಯೇ ಸೆಟ್ಟಿಂಗ್ ಮತ್ತು ಕುಕೀ ಇರುವ ಜಾಗ, ಮಾಡಿ ನೋಡಿ. ಅಲ್ಲಿ ಸರಿ ಬಂದರೆ ಹಳೆಯ ಪ್ರೊಫೈಲ್‌ನ ಕುಕೀ ಫೈಲ್ ಕೆಟ್ಟಿರಬಹುದು. ನನಗೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಬಿಟ್ಟು ಬೇರೆಗೆ ಹೋಗುವ ಯೋಚನೆ ಇಲ್ಲ, ಈ ಒಂದು ವರ್ಷದಲ್ಲಿ ಮೇಲ್ ಮತ್ತೆ ತೆರೆದು ಸಿಕ್ಕಿಲ್ಲ. ಬ್ಯಾಂಕಿನ ಪುಟದಲ್ಲಿ ಮಾತ್ರ ಈಗಲೂ ಲಾಗ್ಔಟ್ ಒತ್ತಿಯೇ ಏಳುತ್ತೇನೆ. ಕುಕೀ ಅಳಿಸಿದರೆ ನಮ್ಮ ಕಡೆಯ ಚೀಟಿ ಹರಿದಂತೆ, ಅಷ್ಟೇ. ಅವರ ಕಡೆ ಬಾಗಿಲು ಹಾಕುವುದು ಲಾಗ್ಔಟ್.