ಫಾರ್ಮ್ಯಾಟ್ ಮಾಡದೇ ಕಂಪ್ಯೂಟರ್ ಸರಿ ಮಾಡಿಕೊಟ್ಟ ಅಂಗಡಿ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಹೊಲಿಗೆ ಯೂನಿಟ್ ಇದೆ. ಬಿಲ್ಲು, ಜಿಎಸ್‌ಟಿ, ಕೂಲಿ ಲೆಕ್ಕ ಎಲ್ಲಾ ಒಂದೇ ಹಳೇ ಡೆಸ್ಕ್‌ಟಾಪ್‌ನಲ್ಲಿ. ಬೇಸಿಗೆ ಶುರುವಾದ ಮೇಲೆ ಅದು ಹಟ ಹಿಡಿಯಿತು. ಆನ್ ಮಾಡಿದರೆ ವಿಂಡೋಸ್ ಲೋಗೋ ಬರುತ್ತೆ, ಚುಕ್ಕಿಗಳು ನಾಲ್ಕು ಸುತ್ತು ತಿರುಗುತ್ತವೆ, ಫಟ್ ಅಂತ ಆಫ್. ಮತ್ತೆ ಒತ್ತಿದರೆ ಮತ್ತದೇ.

ಮೊದಲು ಒಯ್ದ ಅಂಗಡಿಯವರು, ಹೆಸರು ಬೇಡ ಬಿಡಿ, ಡಬ್ಬ ಬಿಚ್ಚಲೂ ಇಲ್ಲ. ವಿಂಡೋಸ್ 10ಕ್ಕೆ ಸಪೋರ್ಟ್ ನಿಂತಿದೆ, ಅದಕ್ಕೇ ಹೀಗೆ ಅಂದರು. 2025ರ ಅಕ್ಟೋಬರ್ 14ಕ್ಕೆ ನಿಂತಿದ್ದು ನಿಜ, ಆದರೆ ನಿಂತಿದ್ದು ಅಪ್‌ಡೇಟ್ ಬರೋದು, ಕಂಪ್ಯೂಟರ್ ಆನ್ ಆಗೋದಲ್ಲ ಅಲ್ವಾ? ಫಾರ್ಮ್ಯಾಟ್ ಮಾಡಿ 700 ರೂಪಾಯಿ ತಗೊಂಡರು, ಡೆಸ್ಕ್‌ಟಾಪ್ ಮೇಲಿದ್ದ ಪ್ಯಾಟರ್ನ್ ಫೈಲುಗಳೂ ಹೋದವು. ಅವರ ಎಸಿ ರೂಮಿನಲ್ಲಿ ಚೆನ್ನಾಗೇ ನಡೆದಿದ್ದು, ನಮ್ಮ ತಗಡಿನ ಶೆಡ್ಡಿಗೆ ತಂದು ಹಚ್ಚಿದರೆ ಮತ್ತೆ ಫಟ್.

ಆಮೇಲೆ ರಾಯಲ್ ಸರ್ಕಲ್ ಹಿಂದಿನ ಗಲ್ಲಿಯಲ್ಲಿರೋ ಈ ಪುಟ್ಟ ಅಂಗಡಿಗೆ ಹೋದೆ. ಎಸಿ ಇಲ್ಲ, ಒಂದು ಫ್ಯಾನು ಅಷ್ಟೇ. ಅದೇ ನಮಗೆ ಲಾಭವಾಯಿತು! ಹುಡುಗ ವಿಂಡೋಸ್ ಗೋಜಿಗೇ ಹೋಗಲಿಲ್ಲ. ಸೀದಾ ಬಯೋಸ್‌ಗೆ, ಅಂದರೆ ವಿಂಡೋಸ್‌ಗಿಂತ ಮುಂಚೆ ತೆರೆಯೋ ಸೆಟ್ಟಿಂಗ್ ಪುಟಕ್ಕೆ, ಹೋಗಿ ಪ್ರೊಸೆಸರ್ ಬಿಸಿ ತೋರಿಸೋ ಪುಟ ತೆರೆದು ಸುಮ್ನೆ ಕೂತ. 88 ಡಿಗ್ರಿ, 93, 97... ಆಫ್. "ನೋಡ್ರಿ ಅಣ್ಣಾ, ವಿಂಡೋಸ್ ಇನ್ನಾ ಬಂದೇ ಇಲ್ಲ, ಅದರ ಮ್ಯಾಲೆ ತಪ್ಪು ಹಾಕಿದ್ರ ಹ್ಯಾಂಗ?" ಅಂದ.

ಪಕ್ಕದ ತಗಡು ಬಿಚ್ಚಿದಾಗ ನನಗೇ ನಾಚಿಕೆಯಾಯಿತು. ಪ್ರೊಸೆಸರ್ ಬಿಸಿ ಎಳೆದುಕೊಳ್ಳೋ ಲೋಹದ ಹೀಟ್‌ಸಿಂಕ್ ಕಾಣಿಸಲೇ ಇಲ್ಲ. ಅದರ ಮೇಲೆ ನೀಲಿ ಕಂಬಳಿ ಹೊದಿಸಿದ ಹಾಗೆ ಡೆನಿಮ್ ಜುಂಗು, ಕೈಯಲ್ಲಿ ಹಿಡಿದು ಎಳೆದರೆ ಒಂದೇ ಹಾಳೆಯಾಗಿ ಬಂತು. ಹೀಟ್‌ಸಿಂಕು, ಫ್ಯಾನು ಸೇರಿದ ಕೂಲರಿನ ನಾಲ್ಕು ಕಾಲಲ್ಲಿ ಒಂದು ಎದ್ದಿತ್ತು, ಬಿಸಿ ದಾಟಿಸೋಕೆ ಪ್ರೊಸೆಸರ್ ಮೇಲೆ ಹಚ್ಚಿದ್ದ ಹಳೇ ಪೇಸ್ಟು ಒಣಗಿ ಸುಣ್ಣದ ಹಾಗೆ ಉದುರುತ್ತಿತ್ತು. ಬ್ಲೋವರ್ ಹೊಡೆಯುವಾಗ ಫ್ಯಾನು ಗಾಳಿಗೆ ಜೋರಾಗಿ ತಿರುಗಿ ಕೆಡದ ಹಾಗೆ ಬೆರಳಿಟ್ಟು ಹಿಡಿದಿದ್ದ, ಅಲ್ಲೇ ನನಗೆ ನಂಬಿಕೆ ಬಂತು. ಪೇಸ್ಟು ಬದಲಿಸಿ, ಕಾಲು ಕೂರಿಸಿ, ರ್‍ಯಾಮ್ ತೆಗೆದು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಹಾಕಿದ. ಕಂಪ್ಯೂಟರ್‌ಗೆ ಕರೆಂಟ್ ಕೊಡೋ ಎಸ್‌ಎಂಪಿಎಸ್‌ನ 12 ವೋಲ್ಟ್ ಲೈನಿಗೆ ಮೀಟರ್ ಹಿಡಿದ, 11.9 ಇತ್ತು. 11.4ಕ್ಕಿಂತ ಕೆಳಗೆ ಹೋದರೆ ಮಾತ್ರ ಚಿಂತೆ ಮಾಡ್ರಿ ಅಂದ. ಹೊಸದು ಮಾರೋ ಆಸೆ ಇದ್ದಿದ್ದರೆ ಅಲ್ಲೇ ಒಂದು ಸುಳ್ಳು ಹೇಳಬಹುದಿತ್ತು.

ಮತ್ತೆ ಬಯೋಸ್‌ನಲ್ಲಿ ಅರ್ಧ ಗಂಟೆ ಬಿಟ್ಟ, 46ರ ಮೇಲೆ ಏರಲಿಲ್ಲ. ಚಾರ್ಜು 450.

ಬೇಜಾರೂ ಇದೆ. ಸಂಜೆ ಕೊಡ್ತೀನಿ ಅಂದಿದ್ದು ಮರುದಿನ ಮಧ್ಯಾಹ್ನ ಕೊಟ್ಟ, ಫೋನ್ ಎತ್ತಲ್ಲ, ಬಿಲ್ಲು ಎರಡು ಸಲ ಕೇಳಿ ಇಸ್ಕೋಬೇಕಾಯಿತು. ಗಾಡಿ ನಿಲ್ಲಿಸೋಕೆ ಜಾಗವಿಲ್ಲ.

ಮೂರು ವಾರ ಆಯಿತು, ಒಮ್ಮೆಯೂ ಆಫ್ ಆಗಿಲ್ಲ. ನೆಲದ ಮೇಲೆ ಓವರ್‌ಲಾಕ್ ಮಷಿನ್ ಪಕ್ಕ ಇದ್ದ ಡಬ್ಬವನ್ನು ಟೇಬಲ್ ಮೇಲೆ ಎತ್ತಿಟ್ಟಿದ್ದೇವೆ. ಹೋಗೋರು ಡಬ್ಬ ಒಂದೇ ಒಯ್ಯಿರಿ, ಕೇಬಲ್ ಅವನ ಹತ್ತಿರವೇ ಇವೆ. ಎರಡರಿಂದ ನಾಲ್ಕರವರೆಗೆ ಬಾಗಿಲು ಹಾಕಿರುತ್ತೆ.