ಕುಡಿತ ಬಿಡಲು ಮೊದಲು ಎಲ್ಲಿಗೆ: ಫೋನು, ದವಾಖಾನೆ, ಶಿಬಿರ, ಮಾಲೆ, ಬಳಗ

ಬೆಳಿಗ್ಗೆ ಚಹಾದ ಕಪ್ಪು ಹಿಡಿದರೆ ಕೈ ನಡುಗುತ್ತದೆಯೇ? ಒಂದು ಗುಟುಕು ಹೊಟ್ಟೆಗೆ ಬಿದ್ದ ಮೇಲೆ ಆ ನಡುಕ ನಿಲ್ಲುತ್ತದೆಯೇ? ಹೌದು ಎನ್ನುವವರಿಗೂ, ಸಂಬಳದ ವಾರ ಗೆಳೆಯರ ಜೊತೆ ಕೂತು ಮಿತಿ ಮೀರುವವರಿಗೂ ಒಂದೇ ದಾರಿ ಹೊಂದುವುದಿಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯಲ್ಲಿ ಇಪ್ಪತ್ತರ ಹರೆಯದವರ ಎದುರಿಗಿರುವ ದಾರಿಗಳನ್ನು ಬಳಸಿ, ಬಳಸುವವರ ಜೊತೆಗೆ ನಿಂತು ನೋಡಿ ಇಲ್ಲಿ ತೂಗಿದ್ದೇವೆ. ಕೇಳಿದ್ದು ನಾಲ್ಕೇ ಪ್ರಶ್ನೆ: ಇವತ್ತೇ ಶುರು ಮಾಡಬಹುದೇ, ಜೀವಕ್ಕೆ ಅಪಾಯವಿಲ್ಲವೇ, ಗುಟ್ಟು ಉಳಿಯುತ್ತದೆಯೇ, ಮೂರು ತಿಂಗಳಾದ ಮೇಲೂ ಕೈ ಹಿಡಿಯುತ್ತದೆಯೇ.

ಯಾವ ದಾರಿ ಹಿಡಿದರೂ ಮೊದಲು ಲೆಕ್ಕ ಬೇಕು. ‘ಸ್ವಲ್ಪ ತೊಗೋತೀನಿ’ ಎಂದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲನ್ನು ಒಂದು ಪ್ರಮಾಣವೆಂದು ಹಿಡಿಯುತ್ತಾರೆ. 30 ಎಂಎಲ್ ವಿಸ್ಕಿ, ರಮ್ಮು, ಬ್ರಾಂದಿ ಅಂದರೆ ಒಂದು ಪ್ರಮಾಣ. 90ರ ಪ್ಯಾಕೆಟ್ಟಿನಲ್ಲಿ ಮೂರು, 180ರ ಕ್ವಾರ್ಟರಿನಲ್ಲಿ ಆರು. 650 ಎಂಎಲ್ ಬಿಯರು ಶೇ 5ರದ್ದಾದರೆ ಎರಡೂವರೆ, ಶೇ 8ರ ಸ್ಟ್ರಾಂಗ್ ಆದರೆ ನಾಲ್ಕು. ‘ನಾನು ಬರೀ ಬಿಯರ್ ಅಷ್ಟೇ’ ಎನ್ನುವ ಹುಡುಗ ಎರಡು ಸ್ಟ್ರಾಂಗ್ ಮುಗಿಸಿದರೆ ಕ್ವಾರ್ಟರು ಕುಡಿದವನನ್ನು ದಾಟಿರುತ್ತಾನೆ. ಹಿಂದಿನ ಏಳು ದಿನದ್ದನ್ನು ದಿನಕ್ಕೊಂದು ಸಾಲಿನಂತೆ ಬರೆಯಿರಿ. ಕೊನೆಯ ಸಲ ಕುಡಿದ ಗಂಟೆಯನ್ನು ತಪ್ಪದೆ ಬರೆಯಿರಿ. ಆ ಗಂಟೆ ಯಾಕೆ ಮುಖ್ಯ ಎಂಬುದು ಮುಂದೆ ಬರುತ್ತದೆ.

ಎಲ್ಲಕ್ಕಿಂತ ಹತ್ತಿರದ್ದು ಫೋನು. ಟೆಲಿ-ಮಾನಸ್ 14416 ಉಚಿತ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ ಸೇವೆ ಇದು. ವ್ಯಸನಕ್ಕೆಂದೇ ಇನ್ನೊಂದು ಉಚಿತ ಸಂಖ್ಯೆ 14446. ಗುಟ್ಟು ಉಳಿಯುವುದರಲ್ಲಿ, ಇವತ್ತೇ ಶುರು ಮಾಡುವುದರಲ್ಲಿ ಫೋನಿಗೆ ಸಾಟಿಯಿಲ್ಲ. ಆದರೆ ಕುಡಿದಾಗ ಕರೆ ಮಾಡಿದರೆ ಅಳು ಬರುತ್ತದೆ, ಹೇಳಿದ್ದು ಬೆಳಿಗ್ಗೆಗೆ ನೆನಪಿರುವುದಿಲ್ಲ. ಸಂಜೆ ಅಂಗಡಿಯ ಕಡೆ ಕಾಲು ಹೊರಳುವ ಮೊದಲೇ ಮಾಡಿ. ಹಾಸ್ಟೆಲ್ ರೂಮಿನಲ್ಲಿ ಬೇಡ, ಹೊರಗೆ ಮರದಡಿ ನಿಂತು ಮಾಡಿ. ಬರೆದಿಟ್ಟ ಲೆಕ್ಕ ಓದಿ, ‘ನನಗ ಹತ್ರದ ಮನೋವೈದ್ಯರು ಎಲ್ಲಿ ಸಿಗ್ತಾರ, ಯಾವ ದಿನ’ ಎಂದು ಕೇಳಿ, ಉತ್ತರ ಬರೆದುಕೊಳ್ಳಿ. ಫೋನಿನಿಂದ ಆಗದ ಕೆಲಸ ಒಂದೇ: ಕೈ ನಡುಕ, ಫಿಟ್ಸ್ ಅದರಿಂದ ನಿಲ್ಲುವುದಿಲ್ಲ.

ಅದಕ್ಕೆ ಸರ್ಕಾರಿ ದವಾಖಾನೆಯ ಮನೋವೈದ್ಯ ವಿಭಾಗವೇ ಬೇಕು. ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ವೈದ್ಯಕೀಯ ಕಾಲೇಜು ಆಸ್ಪತ್ರೆ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್. ಸೌಕರ್ಯವೆಲ್ಲ ಬೆಂಗಳೂರಿನಲ್ಲೇ ಎಂದುಕೊಳ್ಳಬೇಡಿ. ಮನೋರೋಗದ ಚಿಕಿತ್ಸೆಯನ್ನು ಜಿಲ್ಲೆಯ ಹಳ್ಳಿಗಳಿಗೇ ಒಯ್ಯಬಹುದೇ ಎಂದು ನಿಮ್ಹಾನ್ಸ್ 1980ರ ದಶಕದಲ್ಲಿ ಪ್ರಯೋಗ ಮಾಡಿ ನೋಡಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಆ ಮಾದರಿಯ ಮೇಲೆಯೇ ಶುರುವಾಯಿತು. ಅದರ ಫಲವಾಗಿ ತಾಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಗೊತ್ತಾದ ದಿನ ಬರುತ್ತಾರೆ. ಮನೋಚೈತನ್ಯ ಎಂಬ ಹೆಸರಿನ ಮಂಗಳವಾರದ ಕ್ಲಿನಿಕ್ಕು ಇಂಥದ್ದೇ. ನಿಮ್ಮ ತಾಲೂಕಿನಲ್ಲಿ ಯಾವ ವಾರ ಎಂದು ಮುಂಚೆಯೇ ಕೇಳಿಕೊಂಡು ಹೋದರೆ ಒಂದು ದಿನದ ಕೂಲಿ ಉಳಿಯುತ್ತದೆ.

ಗಂಟೆಯ ಮಾತಿಗೆ ಬರೋಣ. ದಿನಾ ಕುಡಿಯುವ ಮೈಯಲ್ಲಿ ನರಗಳು ಮದ್ಯದ ಮಂಪರಿಗೆ ಎದುರಾಗಿ ಸದಾ ಬಿಗಿದುಕೊಂಡಿರುತ್ತವೆ. ಮದ್ಯ ಒಮ್ಮೆಲೇ ನಿಂತರೆ ಆ ಬಿಗಿತವೊಂದೇ ಉಳಿಯುತ್ತದೆ. ಕೊನೆಯ ಕುಡಿತದಿಂದ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ಎದೆಬಡಿತ, ವಾಂತಿ. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನ ಕೆಲವರಿಗೆ ದಿಕ್ಕು ತಪ್ಪುತ್ತದೆ; ಇಲ್ಲದ್ದು ಕಾಣಿಸುತ್ತದೆ, ಮನೆಯವರ ಗುರುತೂ ಸಿಗುವುದಿಲ್ಲ. ಗಾಳಿ ಸೋಕಿದೆ ಎಂದು ಈ ಹೊತ್ತಿನಲ್ಲೇ ದವಾಖಾನೆ ಬಿಟ್ಟು ಬೇರೆಲ್ಲಿಗೋ ಒಯ್ಯುತ್ತಾರೆ, ಜೀವ ಹೋಗುವುದೂ ಈ ಹೊತ್ತಿನಲ್ಲೇ. ಫಿಟ್ಸ್ ಅಥವಾ ಗೊಂದಲ ಕಂಡರೆ 108ಕ್ಕೆ ಫೋನು ಮಾಡುವುದೊಂದೇ ದಾರಿ. ಹಿಂದೆ ಒಮ್ಮೆ ಬಿಟ್ಟಾಗ ಫಿಟ್ಸ್ ಬಂದಿದ್ದರೆ ಮನೆಯಲ್ಲಿ ಬಿಡುವ ಪ್ರಯತ್ನವೇ ಬೇಡ, ವಾರ್ಡಿಗೆ ಸೇರಬೇಕು.

ವಾರ್ಡಿನಲ್ಲಿ ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಲೊರಾಜೆಪಾಮ್‌ನಂಥ ಗುಳಿಗೆಯನ್ನು ಮೊದಲು ತಕ್ಕಷ್ಟು ಕೊಟ್ಟು, ಸುಮಾರು ಒಂದು ವಾರದಲ್ಲಿ ಇಳಿಸುತ್ತಾ ಬರುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1. ನಮ್ಮ ಕಡೆ ಅತಿ ಹೆಚ್ಚು ನಡೆಯುವ ತಪ್ಪು ಇಲ್ಲಿಯದೇ. ಸುಸ್ತು ಎಂದು ಊರಿನ ಕ್ಲಿನಿಕ್ಕಿನಲ್ಲಿ ಒಂದು ಗ್ಲೂಕೋಸ್ ಬಾಟ್ಲಿ ಏರಿಸಿಕೊಂಡು ಬರುತ್ತಾರೆ. ಊಟ ಬಿಟ್ಟು ಕುಡಿದ ಮೈಯಲ್ಲಿ ಬಿ1 ಬತ್ತಿರುತ್ತದೆ, ಗ್ಲೂಕೋಸನ್ನು ಅರಗಿಸಲು ಇದ್ದಬದ್ದ ಬಿ1 ಕೂಡ ಖರ್ಚಾಗುತ್ತದೆ, ಮಿದುಳಿಗೆ ಪೆಟ್ಟು ಬೀಳುತ್ತದೆ. ಆದ್ದರಿಂದ ಯಾರೇ ಬಾಟ್ಲಿ ಏರಿಸಲು ಬಂದರೂ ‘ನಾನು ದಿನಾ ಕುಡೀತೀನ್ರಿ, ಮೊದಲು ಬಿ1 ಹಾಕ್ರಿ’ ಎಂದು ಹೇಳಿ. ಇನ್ನೊಂದು ತಪ್ಪು, ಆ ಇಳಿಕೆಯ ಗುಳಿಗೆಯ ಮೇಲೆ ಕುಡಿಯುವುದು. ಎರಡೂ ಸೇರಿ ಉಸಿರನ್ನೇ ಅದುಮುತ್ತವೆ. ಆ ವಾರ ಬೈಕು ಓಡಿಸಬಾರದು, ತೋರಣಗಲ್ಲಿನದಾಗಲಿ ಗಿಣಿಗೇರಿಯದಾಗಲಿ ಮಿಷನ್ನಿನ ಮುಂದೆ ಶಿಫ್ಟಿಗೆ ನಿಲ್ಲಬಾರದು.

ಗುಟ್ಟಿನ ವಿಚಾರದಲ್ಲಿ ದವಾಖಾನೆ ಜನ ಹೆದರುವಷ್ಟು ಕೆಟ್ಟದ್ದಲ್ಲ. 18 ತುಂಬಿದವರ ಒಪ್ಪಿಗೆ ಅವರದೇ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಮದ್ಯದ ಚಟಕ್ಕೂ ಅನ್ವಯಿಸುತ್ತದೆ, ಚಿಕಿತ್ಸೆಯ ವಿವರ ಗುಟ್ಟಾಗಿ ಉಳಿಯುವ ಹಕ್ಕನ್ನು ಕೊಡುತ್ತದೆ. ಹೊರರೋಗಿಯಾಗಿ ಒಬ್ಬರೇ ಹೋಗಬಹುದು, ವಾರ್ಡಿಗಾದರೆ ಜೊತೆಗೊಬ್ಬರು ಬೇಕೆಂದು ಸಾಮಾನ್ಯವಾಗಿ ಕೇಳುತ್ತಾರೆ. ಅಪ್ಪನ ಬದಲು ಅಕ್ಕ, ಸೋದರಮಾವ, ಕುಡಿಯದ ಗೆಳೆಯ ಯಾರಾದರೂ ಸರಿ. ದವಾಖಾನೆ ಸೋಲುವುದು ವಾರದ ನಂತರ. ಮೈ ಹಗುರಾಗುತ್ತದೆ, ಹಸಿವು ಬರುತ್ತದೆ, ‘ಗುಣಾತು’ ಎಂದು ಎರಡನೇ ಚೀಟಿಗೆ ಹೋಗುವುದೇ ಇಲ್ಲ. ಚಟದ ಚಿಕಿತ್ಸೆ ಆಗ ಶುರುವಾಗಬೇಕಿತ್ತು. ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್ (ಸಾಮಾನ್ಯವಾಗಿ ದಿನಕ್ಕೆ 50 ಮಿಲಿಗ್ರಾಂ, ಮೊದಲು ಲಿವರ್ ಪರೀಕ್ಷೆ) ಅಥವಾ ಅಕಾಂಪ್ರೊಸೇಟ್ ಕೊಡುವುದುಂಟು. ಟ್ರಮಡಾಲ್‌ನಂಥ ನೋವಿನ ಗುಳಿಗೆ ನುಂಗುವವರು ಅದನ್ನು ಮೊದಲೇ ಹೇಳಬೇಕು, ನಾಲ್ಟ್ರೆಕ್ಸೋನಿಗೂ ಅದಕ್ಕೂ ಆಗಿಬರುವುದಿಲ್ಲ.

ಡೈಸಲ್ಫಿರಾಮ್ ಬೇರೆಯದೇ ಸಂಗತಿ. ಅದನ್ನು ನುಂಗಿ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಡವಗುಟ್ಟಿ, ಬಿಪಿ ಕುಸಿಯುತ್ತದೆ. ತಿಳಿದು ಒಪ್ಪಿ ತೆಗೆದುಕೊಳ್ಳುವವನಿಗೆ ಅದು ಒಳ್ಳೆಯ ಬೇಲಿ. ಆದರೆ ‘ಗೊತ್ತಾಗದಂಗ ಸಾರಿನ್ಯಾಗ ಹಾಕ್ರಿ’ ಎಂದು ಮನೆಯವರ ಕೈಗೆ ಪುಡಿ ಕೊಡುವವರಿದ್ದಾರೆ. ಆ ಪುಡಿಯಲ್ಲಿ ಇದೇ ಇದ್ದರೆ, ಏನೂ ತಿಳಿಯದ ಹುಡುಗ ಸಂಜೆ ಕ್ವಾರ್ಟರು ಹಾಕಿದಾಗ ಸಾಯಲೂಬಹುದು. ಕೊನೆಯ ಗುಳಿಗೆಯ ಪರಿಣಾಮ ಎರಡು ವಾರದ ತನಕ ಉಳಿಯುತ್ತದೆ. ತಾಯಂದಿರೇ, ದಯವಿಟ್ಟು ಈ ದಾರಿ ಬೇಡ.

ಮದ್ಯವರ್ಜನ ಶಿಬಿರ ಈ ಸೀಮೆಯ ಹಳ್ಳಿಗಳಿಗೂ ಗೊತ್ತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಊರಿನ ಸಭಾಭವನದಲ್ಲಿ ನಡೆಸುವ ಶಿಬಿರ ಎಂಟು ದಿನದ್ದು. ವ್ಯಾಯಾಮ, ಭಜನೆ, ಸಲಹೆ, ಕುಟುಂಬದವರ ಜೊತೆ ಮಾತುಕತೆ. ಅದರ ಬಲ ಆಮೇಲಿನ ನವಜೀವನ ಸಮಿತಿಯಲ್ಲಿದೆ: ಬಿಟ್ಟವರು ಊರಲ್ಲೇ ಮತ್ತೆ ಮತ್ತೆ ಸೇರುತ್ತಾರೆ. ಮೂರು ತಿಂಗಳ ಪ್ರಶ್ನೆಯಲ್ಲಿ ಅದು ದವಾಖಾನೆಯನ್ನು ಮೀರಿಸುತ್ತದೆ. ಗುಟ್ಟು ಮಾತ್ರ ಉಳಿಯುವುದಿಲ್ಲ. ಮದುವೆಯಾದ, ಊರಿಗೆಲ್ಲ ಚಟ ಗೊತ್ತಿರುವವನಿಗೆ ಅದು ಅಡ್ಡಿಯಲ್ಲ, ಕಾಲೇಜಿನ ಹುಡುಗನಿಗೆ ಭಾರ. ಹುಡುಗಿಯರಿಗಂತೂ ಫೋನು, ದವಾಖಾನೆಯೇ ಸರಿ. ಎಂಟು ದಿನದಲ್ಲಿ ಮೊದಲ ನಾಲ್ಕು ದಿನವೇ ಅಪಾಯದವು, ಹಾಗಾಗಿ ಸೇರುವ ಮುನ್ನ ರಾತ್ರಿ ಯಾರು ನೋಡಿಕೊಳ್ಳುತ್ತಾರೆ, ಡಾಕ್ಟರು ಯಾವಾಗ ಬರುತ್ತಾರೆ ಎಂದು ಕೇಳಲೇಬೇಕು.

ಹಣ ಪಡೆದು ಬೀಗ ಹಾಕುವ ಖಾಸಗಿ ಕೇಂದ್ರಗಳ ಬಗ್ಗೆ ನಮ್ಮ ಮಾತು ಚಿಕ್ಕದು. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸದಿದ್ದರೆ, ಮನೆಗೆ ಫೋನು ಮಾಡಲು ಬಿಡದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಮಾಲೆಯನ್ನು ಹಗುರವಾಗಿ ತೆಗೆದುಹಾಕಲಾಗದು. ಅಯ್ಯಪ್ಪನ 41 ದಿನ, ಅಂಜನಾದ್ರಿಯ ಹನುಮ ಮಾಲೆ ಹಾಕಿದ ಹುಡುಗ ಬಾಟ್ಲಿ ಮುಟ್ಟುವುದಿಲ್ಲ, ಗೆಳೆಯರೂ ‘ಸ್ವಾಮಿ’ ಎಂದು ಕರೆದು ಒತ್ತಾಯ ಬಿಡುತ್ತಾರೆ. ಬೇಡ ಎನ್ನಲು ಇಷ್ಟು ಗೌರವದ ನೆಪ ಬೇರೆಲ್ಲೂ ಸಿಗದು. ವಾರಾಂತ್ಯದ ಕುಡಿತದವರಿಗೆ ಇದು ನಿಜಕ್ಕೂ ಒಳ್ಳೆಯ ಆರಂಭ. ಮಾಲೆ ಬಿಚ್ಚಿದ ರಾತ್ರಿಗೆ ಏನು ಮಾಡುವುದೆಂದು ಮಾಲೆ ಹಾಕಿದ ದಿನವೇ ಯೋಚಿಸಿರಬೇಕು ಅಷ್ಟೇ. ಬೆಳಿಗ್ಗೆ ಕೈ ನಡುಗುವವರು ಮಾತ್ರ ದವಾಖಾನೆಯ ವಾರ ಮುಗಿಸಿಯೇ ಮಾಲೆ ಹಾಕಲಿ.

ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ಎಎ ಬಳಗ, ಅಮೆರಿಕದಲ್ಲಿ 1935ರಲ್ಲಿ ಹುಟ್ಟಿದ್ದು. ಶುಲ್ಕವಿಲ್ಲ, ಊರು ಕುಲ ಕೇಳುವುದಿಲ್ಲ, ಕುಡಿತ ಬಿಡುವ ಆಸೆಯೊಂದೇ ಅರ್ಹತೆ. ಗುಟ್ಟು, ದೀರ್ಘಕಾಲದ ಆಸರೆ ಎರಡೂ ಒಟ್ಟಿಗೆ ಬೇಕೆಂದರೆ ಇದೇ ಮೇಲು. ಕೊರತೆ ದೂರದ್ದು: ಸಿಂಧನೂರು, ಕುಷ್ಟಗಿ ಕಡೆಯ ಹಳ್ಳಿಯಿಂದ ವಾರವಾರ ಪಟ್ಟಣಕ್ಕೆ ಬರುವುದು ಸುಲಭವಲ್ಲ. ಆನ್‌ಲೈನ್ ಸಭೆಗಳಿವೆ, ಇಯರ್‌ಫೋನ್ ಇದ್ದರೆ ಹೊಲದ ಬದುವಿನಲ್ಲಿ ಕೂತೇ ಕೇಳಬಹುದು. ಮೊದಲ ಸಭೆಯಲ್ಲಿ ಎದುರಿನವರೆಲ್ಲ ಹಿರಿಯರಾಗಿ ಕಂಡು ‘ಇದು ನನ್ನಂಥವರಿಗಲ್ಲ’ ಎನಿಸುವುದುಂಟು. ನಾಲ್ಕು ಸಭೆಯಾದರೂ ಕೂತು ಆಮೇಲೆ ತೀರ್ಮಾನಿಸಿ.

ನಡುಕವಿರುವವರಿಗೆ ನಾವು ಹೇಳುವ ಕ್ರಮ: ಇವತ್ತು ಫೋನು, ಈ ವಾರ ದವಾಖಾನೆ, ಆಮೇಲೆ ಎಎ ಅಥವಾ ನವಜೀವನ ಸಮಿತಿ. ದವಾಖಾನೆಗೆ ಹೋಗುವ ತನಕ ಒಮ್ಮೆಲೇ ನಿಲ್ಲಿಸಬೇಡಿ. ನಡುಕವಿಲ್ಲದವರು ಫೋನು, ಬಳಗದಿಂದಲೇ ಶುರು ಮಾಡಬಹುದು. ಮನೆಯಲ್ಲಿ ಹೇಳುವಾಗ ಉದ್ದ ಮಾತು ಬೇಡ. ‘ಅಕ್ಕಾ, ಕುಡಿಯೋದು ನನ್ನ ಕೈ ಮೀರೈತಿ. ಬೈಬ್ಯಾಡ. ಮಂಗಳವಾರ ದವಾಖಾನಿಗೆ ನನ್ನ ಜೊತಿ ಬಾ’ ಎಂದರೆ ಸಾಕು, ದಿನ ಹೆಸರಿಸಿ ಕೇಳಿದ್ದನ್ನು ತಳ್ಳಿಹಾಕುವುದು ಕಷ್ಟ. ಆಧಾರ್ ಕಾರ್ಡು, ಏಳು ದಿನದ ಲೆಕ್ಕದ ಹಾಳೆ, ಈಗ ನುಂಗುತ್ತಿರುವ ಗುಳಿಗೆಯ ಪಟ್ಟಿ ಜೇಬಿನಲ್ಲಿರಲಿ. ನಾಷ್ಟಾ ಮಾಡಿಯೇ ಹೊರಡಿ. ಚೀಟಿ ಬರೆಸುವಲ್ಲಿ ಹಿಂದೆ ಊರಿನವರು ನಿಂತಿದ್ದು ನಾಲಿಗೆ ಏಳದಿದ್ದರೆ ‘ನಿದ್ದಿ ಬರಂಗಿಲ್ಲ, ಮಾನಸಿಕ ವಿಭಾಗಕ್ಕ ಬರೀರಿ’ ಎನ್ನಿ. ಹಾಳೆಯನ್ನು ಒಳಗೆ ಡಾಕ್ಟರ ಮೇಜಿನ ಮೇಲೆ ಇಟ್ಟರಾಯಿತು.